ಮಿಕ್ಸಿ ರಿಪೇರಿ

ಹಾಗಲವಾಡಿ ಹತ್ರ ಒಂದು ಕೊಬ್ಬರಿ ಎಣ್ಣೆ ಮಿಲ್ಲಿಗೆ ವಿಎಫ್‌ಡಿ ಹಾಕೋಕೆ ಹೋಗಿದ್ದೆ. ಮೋಟರಿನ ವೇಗವನ್ನ ಮೆಲ್ಲಗೆ ಏರಿಸೋ ಪೆಟ್ಟಿಗೆ ಅದು. ಅದಿಲ್ಲದಾಗ ಸ್ವಿಚ್ ಒತ್ತಿದ್ರೆ ಸಾಕು, ಬೆಲ್ಟು ಕಿರುಚ್ಕೊಂಡು, ಪಕ್ಕದ ಓನರ್ ಮನೆಯ ಲೈಟೆಲ್ಲ ಮಂಕಾಗ್ತಿತ್ತಂತೆ. ಹಂಗಾಗಿ ಮನೆಯವರು ಮಿಕ್ಸಿ ಗಿಕ್ಸಿ ಆಫ್ ಮಾಡ್ಕೊಳ್ಲಿ ಅಂತ "ಮೋಟ್ರೂ!" ಎಂದು ಮನೆ ಕಡೆ ಕೂಗಿಯೇ ಮಿಲ್ ಶುರು ಮಾಡೋದು ಅವರ ರೂಢಿ.

ಅವತ್ತೂ ಓನರ್ ರುದ್ರಣ್ಣ ಕೂಗಿದ್ರು. ನಾನು ಬಟನ್ ಒತ್ತಿದೆ. ಗಬ್ಬದ ಹಸು ಮೇಲೇಳೋ ಹಾಗೆ ಮೋಟರು ನಿಧಾನಕ್ಕೆ ಎದ್ದು ತಿರುಗ್ತು.

"ಒತ್ತಿ ಸಾರ್, ಯಾಕೆ ನಿಂತ್ರಿ?" ಅಂದ್ರು ರುದ್ರಣ್ಣ.

"ಬೆಲ್ಟ್ ನೋಡಿ, ಓಡ್ತಾ ಇದೆ."

ನೋಡಿದವರು ಬಾಯಿ ತೆರೆದುಕೊಂಡೇ ನಿಂತ್ರು. ಅಷ್ಟರಲ್ಲಿ ಅವರ ತಾಯಿ ಸೊಂಟಕ್ಕೆ ಕೈಕೊಟ್ಟು ಬಂದ್ರು. "ಏನ್ಲಾ, ಮಿಕ್ಸಿ ಆಫ್ ಮಾಡ್ಕಂಡು ಕಾಯ್ತಾ ಇದೀನಿ. ಯಾವಾಗ್ಲಾ ಶುರು ಮಾಡೋದು?"

ನಾನು ಮಿಲ್ ನಿಲ್ಲಿಸಿದೆ. "ಅಜ್ಜಿ, ನೀವು ಚಟ್ನಿ ರುಬ್ತಾ ಇರಿ. ಅದು ಓಡೋವಾಗ್ಲೇ ಶುರು ಮಾಡ್ತೀನಿ."

"ಹಿಂದಿನ ಮಿಕ್ಸಿ ಹಂಗೇ ಸುಟ್ಟೋಗಿದ್ದು ಕಣಪ್ಪಾ," ಅಂತ ಗೊಣಗ್ತಾ ಒಳಗೆ ಹೋದ್ರು. ನಾನು ಒತ್ತಿದೆ. ಮೋಟರು ಎದ್ದಿತು, ಮಿಕ್ಸಿ ದನಿ ಒಂಚೂರೂ ಕುಗ್ಗಲಿಲ್ಲ. ನನ್ನ ಎದೆ ಉಬ್ಬಿದ್ದಕ್ಕೆ ಶರ್ಟಿನ ಗುಂಡಿ ಕಿತ್ತುಬರಬೇಕಿತ್ತು.

ಆಮೇಲೆ ಅಜ್ಜಿ ತಟ್ಟೆ ಇಡ್ಲಿ, ಚಟ್ನಿ ತಂದುಕೊಟ್ಟು ಕೇಳಿದ್ರು: "ಈ ಮಿಕ್ಸಿನೂ ನೀನೇ ರಿಪೇರಿ ಮಾಡ್ದೇನಪ್ಪಾ?"

ಮುಟ್ಟಿಯೂ ಇರಲಿಲ್ಲ. ಆದ್ರೂ "ಹೂಂ ಅಜ್ಜಿ" ಅಂದೆ.