ಗೋಡೆ ಕಡೆಗೆ ತಿರುಗಿಸಿದ ಕುರ್ಚಿ

ಪುಟ್ಟಮಾದಪ್ಪನಿಗೆ ಕಿವಿ ಕೇಳುವುದಿಲ್ಲ ಎಂದು ಕೊಳ್ಳೇಗಾಲದಲ್ಲಿ ಯಾರಾದರೂ ಹೇಳಿದ್ದರೆ, ಹೇಳಿದವರಿಗೇ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಹದಿನೆಂಟಕ್ಕೆ ರೇಷ್ಮೆ ಮಗ್ಗ ಹಿಡಿದವನಿಗೆ ಈಗ ಐವತ್ತೆರಡು. ಮಾತಾಡಿಸಿದರೆ ಥಟ್ಟನೆ ಉತ್ತರ, ಮೇಲೊಂದು ಕೊಂಕು. ಅಂಥ ಚುರುಕು ಆಸಾಮಿ. ಗುಟ್ಟು ಗೊತ್ತಿದ್ದುದು ಹೆಂಡತಿ ಲಕ್ಷ್ಮಿದೇವಿ ಒಬ್ಬಳಿಗೇ. “ಈವಪ್ಪಂಗೆ ಏನೇ ಏಳ್ಬೇಕಾದ್ರೂ ಕಣ್ಣೆದ್ರಿಗೆ ಬಂದು ನಿಂತ್ಕಬೇಕು” ಎಂದು ಗೊಣಗುತ್ತಿದ್ದಳು. ಹೊರಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಹನ್ನೆರಡು ಪವರ್‌ಲೂಮ್ ಒಟ್ಟಿಗೆ ಓಡುವ ಶೆಡ್ಡು ಅದು. ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಕೇಳದು. ಹಾಗಾಗಿ ಅಲ್ಲಿ ಮಾತೆಲ್ಲ ತುಟಿಯಲ್ಲಿ, ಹುಬ್ಬಿನಲ್ಲಿ, ಬೆರಳಿನಲ್ಲಿ. ಎರಡು ವರ್ಷದ ಹಿಂದೆ ಮಗಳು ನಾಗಶ್ರೀ ಪಕ್ಕದ ಮಗ್ಗಕ್ಕೆ ಬಂದಾಗ, ನೇಯುವುದರ ಜೊತೆಗೆ ಈ ವಿದ್ಯೆಯನ್ನೂ ಅಪ್ಪನೇ ಹೇಳಿಕೊಟ್ಟ. ಹುಡುಗಿ ತಿಂಗಳೊಳಗೆ ಕಲಿತಳು. ಇವನೋ, ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬೀಗಿದ.

ಮೊನ್ನೆ ಮೈಸೂರಿನಿಂದ ಸಂಶೋಧನೆಯವರು ಬಂದರು. ಮಗ್ಗದ ಸದ್ದು ಕಿವಿಗೆ ಎಷ್ಟು ಕೆಡುಕು ಮಾಡುತ್ತದೆ ಎಂದು ಅಳೆಯುವುದು ಅವರ ಕೆಲಸ. ಕೆಡುಕು ಕಂಡರೆ ಶೆಡ್ಡಿನವರಿಗೆಲ್ಲ ಕಿವಿಗೆ ಹಾಕುವ ಬಿರಡೆ, ವರ್ಷಕ್ಕೊಂದು ತಪಾಸಣೆ. ಕಾಣದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿಗೆ. ಪುಟ್ಟಮಾದಪ್ಪನಿಗೆ ಬೇರೆಯೇ ಚಿಂತೆ. ಮಗ್ಗ ಅಪಸ್ವರ ತೆಗೆದರೆ ಕೇಳಿಸದವನಿಗೆ ಯಾವ ಸಾವ್ಕಾರ ಕೆಲಸ ಕೊಟ್ಟಾನು?

ಪರೀಕ್ಷೆ ಶಾಲೆಯ ಒಂದು ಕೋಣೆಯಲ್ಲಿ. ಹೂಗ್ಯಂ ಹಳ್ಳಿಯ ಹುಡುಗಿ ಕೋಮಲ, ಸಂಶೋಧನೆಯವರ ಬಳಿ ಕೆಲಸಕ್ಕೆ ಸೇರಿ ಇನ್ನೂ ವಾರವಾಗಿಲ್ಲ, ಯಂತ್ರ ಮುಂದಿಟ್ಟುಕೊಂಡು ಎದುರಿಗೇ ಕೂತಿದ್ದಳು. “ಕುಯ್ ಅಂತ ಸದ್ದು ಬಂದ್ರೆ ಬೆಳ್ಳೆತ್ತಿ ಕಣಣ್ಣ” ಎಂದು ಹೆಡ್‌ಫೋನ್ ಹಾಕಿದಳು. ಪಾಪದ ಹುಡುಗಿ, ಗುಂಡಿ ಒತ್ತುವಾಗಲೆಲ್ಲ ಅವಳ ಹುಬ್ಬು ಒಂಚೂರು ಮೇಲೇಳುತ್ತಿತ್ತು. ಮಗ್ಗದವರಿಗೆ ಅಷ್ಟು ಸಾಲದೇ! ಹುಬ್ಬೆದ್ದಾಗೆಲ್ಲ ಪುಟ್ಟಮಾದಪ್ಪನ ಬೆರಳೂ ಎದ್ದಿತು. ಅವನದು ಕಳ್ಳತನವೇ ಸರಿ. ಉಳಿದವರೂ ಹುಬ್ಬನ್ನೇ ನೋಡಿದರು, ಅವರದು ಬರೀ ರೂಢಿ. ಬೆಳಗಿನಿಂದ ಹನ್ನೊಂದು ಜನ ಕೂತೆದ್ದರು, ಹನ್ನೊಂದೂ ಜನ ಪಾಸು.

ವರಾಂಡದಲ್ಲಿ ಸಂಶೋಧನೆಯವರ ಡಾಕ್ಟರ್ ಉದಯಕುಮಾರ್ ಶೆಡ್ಡಿನ ಸಾವ್ಕಾರ ವೃಷಭೇಂದ್ರಪ್ಪನವರಿಗೆ ಏನೋ ಹೇಳುತ್ತಿದ್ದರು. ಕಿಟಕಿಯಾಚೆಯ ಆ ತುಟಿಗಳನ್ನು ಪುಟ್ಟಮಾದಪ್ಪ ಓದಿಕೊಂಡ. ‘ಇಲ್ಲಿ ಯಾರಿಗೂ ತೊಂದರೆ ಇಲ್ಲ. ಹಾಗಂತಲೇ ಬರೀಬೇಕು.’

ಬದುಕಿದೆಯಾ ಬಡಜೀವವೇ ಅಂದುಕೊಂಡ.

ಕೊನೆಯವಳು ನಾಗಶ್ರೀ. ಹೆಡ್‌ಫೋನ್ ಹಾಕಿಕೊಂಡು ಕೂತಳು. ಬೆರಳು ಏಳುತ್ತಿತ್ತು, ಇಳಿಯುತ್ತಿತ್ತು. ಆದರೆ ಕಣ್ಣು? ಕಣ್ಣು ಕೋಮಲಳ ಹುಬ್ಬಿಗೇ ನೆಟ್ಟಿತ್ತು. ಮೂಲೆಯ ಬೆಂಚಿನಲ್ಲಿದ್ದ ಪುಟ್ಟಮಾದಪ್ಪ ಅದನ್ನು ಕಂಡ. ಒಳ್ಳೆಯ ಕಿವಿ ಇದ್ದವಳಿಗೆ ಹುಬ್ಬಿನ ಹಂಗೇಕೆ? “ಮಗಳೂ ಅಪ್ಪನಂಗೇ ಆಯ್ತಾವಳೆ, ಕೂಗಿದ್ರೆ ಓಗೊಡಕಿಲ್ಲ” ಎಂದು ಲಕ್ಷ್ಮಿದೇವಿ ತಿಂಗಳಿಂದ ಬಡಕೊಂಡಿದ್ದಳು. ವಯಸ್ಸಿನ ಸೊಕ್ಕು ಅಂತ ಇವನು ನಕ್ಕುಬಿಟ್ಟಿದ್ದ. ಇಪ್ಪತ್ತು ವರ್ಷದ ಹುಡುಗಿ! ಥೂ ನನ್ನ ಜನ್ಮಕ್ಕಿಷ್ಟು ಎಂದು ತನ್ನನ್ನೇ ಬೈದುಕೊಂಡ.

ಯಾರಿಗೂ ತೊಂದರೆ ಇಲ್ಲ ಅಂತ ಬರೆದುಬಿಟ್ಟರೆ ಇವಳಿಗೆ ಬಿರಡೆ ಎಲ್ಲಿಂದ ಬಂದೀತು? ದಡಕ್ಕನೆ ಎದ್ದ. “ಏಳು ಮಗಾ” ಎಂದು ಅವಳನ್ನು ಎಬ್ಬಿಸಿ, ಕುರ್ಚಿಯನ್ನು ಗೋಡೆ ಕಡೆಗೆ ತಿರುಗಿಸಿ ತಾನು ಕೂತ.

“ನಿಂದು ಮುಗಿದದಲ್ಲಣ್ಣ” ಎಂದಳು ಕೋಮಲ. ಅದು ಅವನಿಗೆ ಕೇಳಿಸಲಿಲ್ಲ. “ನಂಗೆ ಇನ್ನೊಂದ್ ಸಲ ಆಕವ್ವ. ಈಗ ಆಕು, ನೋಡಾಣ” ಎಂದ.

ಅವಳು ಹೆಡ್‌ಫೋನ್ ಹಾಕಿದಳು. ಗೋಡೆಯ ಮೇಲೆ ಅಆಇಈ ಬರೆದಿತ್ತು. ಅದನ್ನೇ ನೋಡುತ್ತ ಕೂತ. ಐದು ನಿಮಿಷ ಆಯಿತು. ಹತ್ತಾಯಿತು. ಬೇಸತ್ತು ಹಿಂದಕ್ಕೆ ತಿರುಗಿದ. “ಏನವ್ವ, ಇನ್ನೂ ಸುರು ಮಾಡ್ನಿಲ್ವಾ?”

ಕೋಮಲಳ ಕಣ್ಣು ತುಂಬಿತ್ತು. “ಮುಗೀತು ಕಣಣ್ಣ. ಎಲ್ಡು ಕಿವೀದೂ ಮುಗೀತು.”

ಡಾಕ್ಟರು ಓಡಿಬಂದರು. ನಾಗಶ್ರೀಯನ್ನೂ ಗೋಡೆಗೆ ಮುಖ ಮಾಡಿ ಕೂರಿಸಿದರು. ಪುಟ್ಟಮಾದಪ್ಪ ಅವಳ ಬೆರಳನ್ನೇ ನೋಡಿದ. ಎದ್ದಿತು. ಮತ್ತೆ ಎದ್ದಿತು. ಸಣ್ಣ ಸದ್ದು ಕೆಲವು ತಪ್ಪಿದವು, ಉಳಿದವಕ್ಕೆಲ್ಲ ಎದ್ದಿತು. ಡಾಕ್ಟರು ಅವನೆದುರು ಕುಕ್ಕರಗಾಲಲ್ಲಿ ಕೂತು ನಿಧಾನವಾಗಿ ಹೇಳಿದರು. “ಇವಳದು ಈಗಷ್ಟೇ ಶುರು. ಇವತ್ತಿಂದ ಬಿರಡೆ ಹಾಕಿಕೊಂಡು ಜೋಪಾನ ಮಾಡಿದರೆ ಇಷ್ಟಕ್ಕೇ ನಿಲ್ಲಿಸಬಹುದು. ನಿಮಗೂ ಕಿವಿ ಕೇಳಿಸೋ ಯಂತ್ರ ಕೊಡಿಸೋಣ. ಎಲ್ಲರನ್ನೂ ಮತ್ತೆ ನೋಡ್ತೀವಿ, ಹೀಗೇ ತಿರುಗಿಸಿ.”

ಪುಟ್ಟಮಾದಪ್ಪ ಎಲ್ಲರೆದುರು ಗೊಳೋ ಎಂದು ಅತ್ತ. ನಾಚಿಕೆಯೇನೂ ಪಡಲಿಲ್ಲ.

ಅಷ್ಟರಲ್ಲಿ ವೃಷಭೇಂದ್ರಪ್ಪನವರು ಎದುರಿಗೆ ಬಂದು ನಿಂತರು. “ಎಷ್ಟು ವರ್ಸದಿಂದ ಇಂಗೆ?”

“ಏಳೆಂಟು ಆಯ್ತು ಸಾವ್ಕಾರ್ರೇ” ಎಂದು ತಲೆ ತಗ್ಗಿಸಿದ.

ಅವರು ಅವನ ಗಲ್ಲ ಹಿಡಿದು ಮುಖ ಮೇಲೆತ್ತಿದರು, ತುಟಿ ಕಾಣಬೇಕಲ್ಲ. “ಏಳೆಂಟು ವರ್ಸದಲ್ಲಿ ಒಂದ್ ಸೀರೇನೂ ಕೆಡ್ಸಿಲ್ವಲ್ಲಯ್ಯ ನೀನು! ನಾಳೆ ಬೆಳಿಗ್ಗೆ ಬಾ ಕೆಲ್ಸಕ್ಕೆ. ಇಬ್ರೂ ಬನ್ನಿ.”

ಆಮೇಲೆ ಹೆಗಲ ಮೇಲಿನ ಟವಲನ್ನು ತೊಡೆಯ ಮೇಲೆ ಹಾಕಿಕೊಂಡು, ಗೋಡೆಯೆದುರಿನ ಕುರ್ಚಿಯಲ್ಲಿ ತಾವೇ ಕೂತರು.

“ಮೂವತ್ತು ವರ್ಸ ಅದೇ ಶೆಡ್ನಲ್ಲಿ ನಾನೂ ಇವ್ನಿ ಕಣವ್ವ” ಎಂದರು ಕೋಮಲಳಿಗೆ. “ನಂಗೂ ಆಕು.”