ಬಾಯಿಪಾಠ ಒಪ್ಪದ ಚಂದ್ರಮತಿ

ಕಣ್ಣೂರು ಸೀಮೆಯ ಒಂದು ಕ್ಯಾನ್ಸರ್ ಆಸ್ಪತ್ರೆ. ಈಗಷ್ಟೇ ಬೆಳಕು ಹರಿಯುತ್ತಿದೆ. ಗಂಡಸರ ವಾರ್ಡಿನಲ್ಲಿ ಚಂದ್ರಮತಿ ಸ್ಟೂಲು ಎಳೆದುಕೊಂಡು ಕಣಾರನ್ ಎಂಬ ಮುದುಕರ ಮಂಚದ ಪಕ್ಕ ಕೂರುತ್ತಾರೆ. ಹಾಲಿಲ್ಲದ ಚಹಾ ಕೊಟ್ಟು, ಅರ್ಧ ಲೋಟ ಮುಗಿಯುವ ತನಕ ಕಾಯುತ್ತಾರೆ. ವಯಸ್ಸಾದವರ ಮನಸ್ಸು ತಿಳಿಯಾಗಿರುವುದು ಈ ಹೊತ್ತಿನಲ್ಲೇ ಎಂದು ಅವರ ಅನುಭವ.

"ಕಣಾರೇಟ್ಟಾ, ಐದು ಹೆಸರು ಹೇಳ್ತೀನಿ. ನೆನಪಲ್ಲಿಟ್ಟುಕೊಂಡು ಆಮೇಲೆ ಹೇಳ್ಬೇಕು. ಕೊಡೆ, ದೋಣಿ, ಹಲಸು..."

"ಬೀಗ, ನವಿಲು," ಎಂದು ಮುದುಕರೇ ಮುಗಿಸಿಬಿಡುತ್ತಾರೆ.

"ಅದನ್ನ ನಾನಿನ್ನೂ ಹೇಳೇ ಇಲ್ವಲ್ಲ."

"ನೀನು ಬಹಳ ನಿಧಾನ."

"ಇವರ ಮಗಳು ಟ್ಯೂಷನ್ ಟೀಚರ್ ಅಲ್ವಾ, ಫುಲ್ ಮಾರ್ಕು ಬರದೆ ಇರುತ್ತಾ?" ಎಂದು ಪಕ್ಕದ ಮಂಚದವರು ನಗುತ್ತಾರೆ. ಕೆಳಗೆ ಚಾಪೆಯಲ್ಲಿದ್ದ ಕಣಾರನ್ ಅವರ ಹೆಂಡತಿ ಜಾನು ಸದ್ದಿಲ್ಲದೆ ಮುಸುಕೆಳೆದುಕೊಳ್ಳುತ್ತಾರೆ.

ಆಗಿರುವುದು ಇಷ್ಟೇ. ರೋಗಿಗಳ ಮನೆಯವರು ಗಂಜಿ ಬೇಯಿಸುವ ಹಿತ್ತಲ ಅಡುಗೆಮನೆಯಲ್ಲಿ ಈ ಐದು ಹೆಸರುಗಳು ಬಾಯಿಂದ ಬಾಯಿಗೆ ಹರಿದಿವೆ. ಉತ್ತರ ತಪ್ಪಿದರೆ ಆಪರೇಷನ್ ಮಾಡುವುದಿಲ್ಲವಂತೆ ಎಂಬ ಮಾತೂ ಜೊತೆಗೆ ಹರಿದಿದೆ. ಮಕ್ಕಳನ್ನು ಪರೀಕ್ಷೆಗೆ ಅಣಿಮಾಡುವುದೇ ಬದುಕಾಗಿರುವ ಊರು. ಮಗಳು ಷೈಜ ಅಪ್ಪನನ್ನು ಕೂರಿಸಿಕೊಂಡು ಉರು ಹೊಡೆಸಿದ್ದಾಳೆ.

ಚಂದ್ರಮತಿ ಓದಿದ್ದು ಹತ್ತನೆಯ ತರಗತಿ. ಗಂಡ ತೀರಿದ ಮೇಲೆ ಇಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದವರು. ಕಣಾರನ್ ಅವರಿಗಿರುವಂತೆ ಚಂದ್ರಮತಿಯ ತಾಯಿಗೂ ಕರುಳಿನ ಗಡ್ಡೆಯೇ ಇತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಎಚ್ಚರವಾದ ತಾಯಿ ಮಗಳ ಗುರುತು ಹಿಡಿಯಲಿಲ್ಲ. ಅನ್ನ ಮುಟ್ಟಲಿಲ್ಲ, ಮಂಚ ಬಿಟ್ಟು ಏಳಲಿಲ್ಲ. "ಗಡ್ಡೆ ಹೋಯ್ತು, ಅದರ ಹಿಂದೆ ಅಮ್ಮನೂ ಹೋದ್ರು. ಮೊದಲಿಂದಲೇ ಮರೆವಿತ್ತು. ನಾವು ಹೇಳ್ಲಿಲ್ಲ, ಅವರು ಕೇಳ್ಲಿಲ್ಲ," ಎನ್ನುತ್ತಾರೆ. ಕೊಟ್ಟವನೇ ಕರೆಸಿಕೊಂಡ ಎಂದು ಊರವರು ಸಮಾಧಾನ ಹೇಳಿದರು. ಚಂದ್ರಮತಿಯೂ ಅದನ್ನು ನಂಬಿದರು. ಕೇಳಬಹುದಾಗಿದ್ದ ಪ್ರಶ್ನೆಯೊಂದು ಮಾತ್ರ ಎದೆಯಲ್ಲಿ ಉಳಿಯಿತು.

ಮುಪ್ಪಿನ ರೋಗಿಗಳ ನೆನಪು, ಗ್ರಹಿಕೆಗಳನ್ನು ಆಪರೇಷನ್‌ಗೆ ಮುಂಚೆ ನೋಡುವ ಪದ್ಧತಿ ಇಲ್ಲಿ ಬಂದಾಗ ಚಂದ್ರಮತಿ ತಾವಾಗಿ ಹೋಗಿ ಕಲಿತರು. ಮೊದಲೇ ಮನಸ್ಸು ಮಾಸಿದವರು ಆಮೇಲೆ ಬೇಗ ಕಂಗೆಡುತ್ತಾರೆ, ಹೆಚ್ಚು ಕಾಲ ಉಳಿಯುವುದೂ ಕಷ್ಟ ಎಂಬುದನ್ನು ಡಾಕ್ಟರುಗಳು ಕಂಡುಕೊಂಡಿದ್ದಾರೆ. ಅಂಥವರನ್ನು ಗುರುತಿಸಿ ಹೇಳುವುದು ಇವರ ಕೆಲಸ. ದಿನಕ್ಕೆ ಆರೇಳು ಮಂದಿಯನ್ನು ಹೀಗೆ ಕೇಳಿ ನೋಡುತ್ತಾರೆ.

ಈಗ ಚಂದ್ರಮತಿ ಕಣಾರನ್ ಅವರಿಗೆ ಬೇರೆ ಐದು ಹೆಸರು ಹೇಳುತ್ತಾರೆ. ಸ್ವಲ್ಪ ಹೊತ್ತು ಊರಿನ ಮಾತಾಡಿ ಮತ್ತೆ ಕೇಳುತ್ತಾರೆ. ಕಣಾರನ್ ಕಿಟಕಿ ನೋಡುತ್ತಾರೆ, ಬರಿದಾದ ಲೋಟ ನೋಡುತ್ತಾರೆ. ಒಂದೂ ಬರುವುದಿಲ್ಲ. "ಚಹಾ ಎಲ್ಲಿ, ಕೊಡಲೇ ಇಲ್ವಲ್ಲ," ಎನ್ನುತ್ತಾರೆ.

ಮುಸುಕು ಸರಿಸಿ ಜಾನು ಎದ್ದು ಕೂತು, ಮಗಳೇ ಎಂದು ಕರೆದು ಬೇಡುತ್ತಾರೆ. "ಫೇಲು ಅಂತ ಹೇಳ್ಬೇಡ ಮೋಳೇ. ವಾಪಸ್ ಕಳಿಸಿದ್ರೆ ಇವರು ಉಳಿಯಲ್ಲ."

"ಎಷ್ಟು ದಿನದಿಂದ ಹೀಗೆ, ಜಾನುವೇಚ್ಚಿ?"

"ಹೋದ ಓಣಂನಿಂದಾನೋ, ಅದರ ಹಿಂದಿನ ಓಣಂನಿಂದಾನೋ. ಷೈಜಂಗೂ ಪೂರ್ತಿ ಗೊತ್ತಿಲ್ಲ. ನಾನೇ ಮುಚ್ಚಿಟ್ಟೆ. ಬುದ್ಧಿ ಕೆಟ್ಟಿದೆ ಅಂತ ಜನ ಆಡ್ಕೊಳ್ಳಲ್ವಾ?"

"ಇದರಲ್ಲಿ ಪಾಸು ಫೇಲು ಇಲ್ಲ. ನೀವು ಮುಚ್ಚಿಟ್ರೆ, ಆಪರೇಷನ್ ಆದ್ಮೇಲೆ ಅವರು ಹೆದರಿ ನಳಿಕೆ ಕಿತ್ತುಕೊಳ್ಳುವಾಗ ಯಾಕೆ ಅಂತ ಯಾರಿಗೂ ತಿಳಿಯಲ್ಲ. ಈಗ ಹೇಳಿದ್ರೆ ದಾರಿ ಇದೆ."

ಜಾನು ಗಂಡನ ಕಾಲು ಒತ್ತುತ್ತಾ ಕೂರುತ್ತಾರೆ. ಆಮೇಲೆ, ಮನೆದೇವರು ಮುತ್ತಪ್ಪ ಬಿಟ್ಟ ದಾರಿ ಎಂದು ಎಲ್ಲವನ್ನೂ ಹೇಳುತ್ತಾರೆ.

ಆಪರೇಷನ್ ಮೂರು ವಾರ ಮುಂದೆ ಹೋಗುತ್ತದೆ. ಕಣಾರನ್ ಔಷಧದಂಗಡಿಯಿಂದ ತಂದು ನುಂಗುತ್ತಿದ್ದ, ಮಂಕು ಹೆಚ್ಚಿಸುವ ನಿದ್ರೆಯ ಮಾತ್ರೆಯನ್ನು ಡಾಕ್ಟರು ಹಂತಹಂತವಾಗಿ ಬಿಡಿಸುತ್ತಾರೆ. ಹೊಟ್ಟೆ ತುಂಬ ಊಟ, ಬೆಳಗ್ಗೆ ಸಂಜೆ ನಡಿಗೆ. ಕಣಾರನ್ ಬೀಡಿ ಕಟ್ಟಿದವರು. ಹತ್ತಾರು ಜನ ಎಲೆ ಸುತ್ತುವಾಗ ಒಬ್ಬ ಗಟ್ಟಿಯಾಗಿ ಪತ್ರಿಕೆ ಓದುವುದು ಬೀಡಿ ಶೆಡ್ಡುಗಳ ರೂಢಿ. ಅದನ್ನು ತಿಳಿದ ಚಂದ್ರಮತಿ, ಆಪರೇಷನ್ ಆಗಿ ಎಚ್ಚರವಾಗುವಾಗ ಐಸಿಯು ಒಳಗೆ ಪಕ್ಕದಲ್ಲಿ ಪತ್ರಿಕೆ ಓದಲು ಜಾನುವಿಗೆ ಅಪ್ಪಣೆ ಕೊಡಿಸುತ್ತಾರೆ.

ಆಪರೇಷನ್ ಆಗಿ ಮೂರನೆಯ ದಿನ. ಜಾನು ಮಂಚದ ಪಕ್ಕ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಾರೆ. ಕಣಾರನ್ ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ: "ಜಾನೂ, ಇದು ನಿನ್ನೆ ಓದಿದ್ದೇ ಅಲ್ವಾ?"

ನಿಜ, ಅದು ಹಿಂದಿನ ದಿನದ ಪತ್ರಿಕೆ. ಜಾನು ಅದನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ.

ಮರೆವು ವಾಸಿಯಾಗಿಲ್ಲ, ಆಗುವುದೂ ಇಲ್ಲ. ಆದರೆ ಕಣಾರನ್ ಉಣ್ಣುತ್ತಾರೆ, ಗೋಡೆ ಹಿಡಿದು ನಡೆಯುತ್ತಾರೆ, ಜೊತೆಗಿರುವವಳ ಹೆಸರು ಹಿಡಿದು ಬೈಯುತ್ತಾರೆ. ಚಂದ್ರಮತಿ ಹೊಸ ಐದು ಹೆಸರುಗಳನ್ನು ಹುಡುಕಿಕೊಂಡಿದ್ದಾರೆ. ಅವೂ ಅಡುಗೆಮನೆ ಸೇರಲು ಬಹಳ ದಿನ ಬೇಕಿಲ್ಲ ಎಂದು ನಗುತ್ತಾರೆ.

ಈ ಕೆಲಸಕ್ಕೆ ಇನ್ನೇನು ಬೇಕು ಎಂದು ಚಂದ್ರಮತಿಯನ್ನು ಕೇಳಿದರೆ ಹೇಳುತ್ತಾರೆ: "ಐಸಿಯು ಒಳಗೆ ಮಂಚದ ಪಕ್ಕ ಒಂದು ಕುರ್ಚಿ ಹಾಕಿಸ್ಲಿ. ಜಾನುವೇಚ್ಚಿ ಮೂರು ದಿನ ನಿಂತೇ ಓದಿದ್ರು. ಕೈ ಇರೋ ಕುರ್ಚಿ ಆಗಿರ್ಲಿ. ಕಾಯೋರಿಗೂ ವಯಸ್ಸಾಗಿರುತ್ತೆ, ಏಳುವಾಗ ಊರಿಕೊಳ್ಳೋಕೆ ಬೇಕು."