ಗಾಡಿಯ ಎದುರಿಗೆ ನಿಲ್ಲುವವಳು

ಗ್ರೇಡ್ ಸಿಕ್ಕ ಕಾಗದ ಜೇಬಿನಲ್ಲಿಟ್ಟುಕೊಂಡು ಗಂಡ ಮನೆಗೆ ಬಂದ. ಕಾಲು ತೊಳೆಯಲಿಲ್ಲ, ಕೂರಲಿಲ್ಲ. ಸೀದಾ ಒಲೆ ಹತ್ತಿರ ನಿಂತು, "ಫಸ್ಟ್ ಗ್ರೇಡಿನವರು ಬಂದಿದ್ದಾರೆ, ಟೀ ಇಲ್ವಾ?" ಅಂದ.

"ಸೆಕೆಂಡ್ ಗ್ರೇಡಿನವಳ ಕೈಯ ಟೀ ಆಗುತ್ತಾ ತಮಗೆ?" ಅಂದಳು ಹೆಂಡತಿ.

"ಇಬ್ಬರೂ ಜಂಬ ಮಾಡಿ. ನನಗೆ ಲೆಕ್ಕದಲ್ಲಿ ಸಿ ಬಂದಿದೆ," ಅಂದಳು ಮಗಳು.

"ಅದೂ ಗ್ರೇಡೇ ಕಣೇ, ಬಿಡು," ಅಂದ ಅಪ್ಪ.

ಗಂಡ ಹೆಂಡತಿ ಇಬ್ಬರೂ ಪೇಪರ್ ಗೋಡೌನಿನಲ್ಲಿ ಕೆಲಸಕ್ಕಿದ್ದರು. ಮೇಲಿನಿಂದ ಲಾರಿ ನಿಲ್ಲುವ ಜಾಗಕ್ಕೆ ಸಿಮೆಂಟಿನ ಇಳಿಜಾರು. ಆಳೆತ್ತರದ ಪೇಪರ್ ಸುರುಳಿಗಳನ್ನು ಗಾಡಿಗೆ ಕಟ್ಟಿ ಆ ಇಳಿಜಾರಿನಲ್ಲಿ ಇಳಿಸಬೇಕು. ಸೆಕೆಂಡ್ ಗ್ರೇಡಿನ ಮೂವರು ಮೇಲೆ ನಿಂತು ಹಗ್ಗ ಸಡಿಲ ಬಿಡುತ್ತಾರೆ. ಫಸ್ಟ್ ಗ್ರೇಡಿನವನು ಕೆಳಗೆ ಗಾಡಿಯ ಎದುರಿಗೆ ನಿಂತು, ಚಕ್ರ ನೋಡುತ್ತಾ, "ಬಿಡು, ಬಿಡು, ಹಿಡಿ" ಅಂತ ಕೂಗುತ್ತಾನೆ. ಕೈಗೆ ಬೊಬ್ಬೆ ಇಲ್ಲ. ಇರುವುದಕ್ಕೆ ಕಂಪನಿಯ ಮನೆ.

ಗಂಡನಿಗೆ ಆ ಗ್ರೇಡಿನ ಆಸೆ ಇರಲಿಲ್ಲ. ಅವಳೇ ಪ್ರಾಣ ಹಿಂಡಿ ಅರ್ಜಿ ಹಾಕಿಸಿದ್ದು. "ನಿಮ್ಮ ಹಿಂದೆ ಬಂದವರೆಲ್ಲ ಗ್ರೇಡ್ ತಗೊಂಡರು. ನೀವು ಹಗ್ಗ ಹಿಡ್ಕೊಂಡೇ ಮುದುಕರಾಗಿ."

ಗ್ರೇಡ್ ಸಿಕ್ಕ ಮಾರನೇ ಬೆಳಿಗ್ಗೆ ಯಾರೋ ಮೇಲಿನ ನೆಲ ತೊಳೆದಿದ್ದರು. ನೀರು ಆರಿರಲಿಲ್ಲ. ಮೂರನೇ ಗಾಡಿ ಅರ್ಧ ಇಳಿದಾಗ ಹಗ್ಗ ಹಿಡಿದವರಲ್ಲಿ ಒಬ್ಬರ ಕಾಲು ಜಾರಿತು, ಹಿಂದೆಯೇ ಉಳಿದವರದೂ. ಹಗ್ಗ ಅಂಗೈ ಸುಡುತ್ತಾ ಓಡಿತು. "ಹಿಡಿ!" ಅಂತ ಕೆಳಗಿನಿಂದ ಗಂಡ ಕೂಗಿದ್ದು ಅವಳಿಗೆ ಕೇಳಿಸಿತು. ಆ ಮೂವರಲ್ಲಿ ಅವಳೂ ಒಬ್ಬಳು.

ಗಂಡನನ್ನು ಮಣ್ಣು ಮಾಡಿದ ಮಾರನೇ ದಿನ ಇಂಜಿನಿಯರು ಬಂದು ಟೇಪು ಹಿಡಿದು ಅಳೆದ. "ಇಳಿಜಾರಿನ ಗ್ರೇಡ್, ಅಂದ್ರೆ ವಾಟ, ಜಾಸ್ತಿ ಇದೆ," ಅಂತ ಬರೆದುಕೊಂಡು ಹೋದ. ಮೊದಲು ಜಾರಿದ್ದು ಯಾರ ಕಾಲು ಅಂತ ಕೇಳಲಿಲ್ಲ. ಕೇಳಿದ್ದರೂ ಅವಳಿಗೂ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಇಳಿಜಾರು ಇದ್ದ ಹಾಗೇ ಇತ್ತು.

ತಿಂಗಳು ಕಳೆದ ಮೇಲೆ ಸೂಪರ್‌ವೈಸರ್ ಕರೆಸಿದ. "ಯಜಮಾನರ ಗ್ರೇಡ್ ನಿನಗೇ ಕೊಡ್ತೀವಮ್ಮ. ಮನೆಯೂ ಸಿಗುತ್ತೆ."

"ಆ ಜಾಗ ಬೇಡ ಸಾರ್. ಬದಿಗೆ ನಿಂತು ಕೂಗ್ತೀನಿ."

"ಬದಿಯಿಂದ ಎರಡೂ ಚಕ್ರ ಕಾಣಲ್ಲ. ಆ ಗ್ರೇಡ್ ಅಂದ್ರೆ ಆ ಜಾಗ."

ಒಬ್ಬಳ ಹಗ್ಗದ ಸಂಬಳದಲ್ಲಿ ಬಾಡಿಗೆ ಕಟ್ಟಿದರೆ ಮಗಳ ಓದಿಲ್ಲ. ಕೆಳಗೆ ನಿಂತು ತನಗೂ ಏನಾದರೂ ಆದರೆ ಮಗಳಿಗೆ ಯಾರೂ ಇಲ್ಲ. ವಾರ ಕಳೆದ ಮೇಲೆ ಹೋಗಿ ಕಾಗದಕ್ಕೆ ಸಹಿ ಹಾಕಿ ಬಂದಳು.

"ನಾನು ಸ್ಕೂಲು ಬಿಡ್ತೀನಮ್ಮ, ನೀನು ಅಲ್ಲಿ ನಿಲ್ಲಬೇಡ," ಅಂದಳು ಮಗಳು.

"ಬಿಟ್ಟು ಏನು ಮಾಡ್ತೀಯ? ಹಗ್ಗ ಹಿಡೀತೀಯಾ? ಬಾಯಿ ಮುಚ್ಚಿ ಓದು."

ಮೊದಲ ದಿನ ಕೆಳಗೆ ನಿಂತಳು. ಕೆಳಗಿನಿಂದ ನೋಡಿದರೆ ಗಾಡಿ ಮನೆಯಷ್ಟು ದೊಡ್ಡದು. ಮೇಲೆ ಹಗ್ಗ ಹಿಡಿದಿದ್ದವರಲ್ಲಿ ಗಿಡ್ಡಣ್ಣ ಇದ್ದ. ಆವತ್ತಿನ ಮೂವರಲ್ಲಿ ಅವನೂ ಒಬ್ಬ.

"ಹೆದರಬೇಡಿ ಅತ್ತಿಗೆ, ನಾನಿದ್ದೀನಿ," ಅಂದ.

"ಆವತ್ತೂ ನೀನಿದ್ದೆ."

ಅವನು ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡ. ಆಮೇಲೆ ಮೆತ್ತಗೆ, "ನೀವೂ ಇದ್ರಿ," ಅಂದ.

ಅವಳು ಎರಡೂ ಚಕ್ರ ನೋಡಿದಳು. ಮೂರು ಸಲ ಪ್ರಯತ್ನಪಟ್ಟ ಮೇಲೆ "ಬಿಡು" ಅನ್ನುವ ಮಾತು ಹೊರಗೆ ಬಂತು.

ಈಗ ಎರಡು ವರ್ಷ. ಹೆದರಿಕೆ ಹೋಗಿಲ್ಲ, ಹೋಗುವ ಹಾಗೆ ಕಾಣುವುದೂ ಇಲ್ಲ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಒಂದು ಬುಟ್ಟಿ ಮರದ ಹೊಟ್ಟು ತಂದು ಇಳಿಜಾರಿಗೆ ಹರಡುತ್ತಾಳೆ. ಕೆಳಗಿನಿಂದ ಶುರು ಮಾಡುತ್ತಾಳೆ. ಗಾಡಿ ಇಲ್ಲದಿದ್ದರೂ ಮೇಲಕ್ಕೆ ಬೆನ್ನು ತಿರುಗಿಸುವುದಿಲ್ಲ. ಹಗ್ಗದವರು ನಿಲ್ಲುವ ಕಡೆ ಎರಡು ಹಿಡಿ ಹೆಚ್ಚಿಗೆ ಹಾಕಿ, ಒಬ್ಬೊಬ್ಬರ ಜಾಗದಲ್ಲೂ ತಾನೇ ಕಾಲೂರಿ, ಒತ್ತಿ ನೋಡುತ್ತಾಳೆ.